ಅಳುಮುಂಜಿ ಎಲ್ಲಿದ್ದಾಳೆ?

ನಡೆಯಲಾಗದವರಿಗೆ ಗಾಲಿಕುರ್ಚಿಗಳನ್ನು ಎರವಲು ಕೊಡುವ ಆ ಪುಟ್ಟ ಸೇವಾಸಂಸ್ಥೆಯ ವಾರ್ಷಿಕ ವರದಿಯನ್ನು ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದವರು ದೊಡ್ಡಮ್ಮ. ಕಳೆದ ವರ್ಷ ಅದನ್ನು ಅಚ್ಚು ಹಾಕಿಸದೆ ಎಲ್ಲರ ಫೋನಿಗೆ ಕಳಿಸಿದ್ದಾಯಿತು. ಆ ಫೋನೇ ಚಾಡಿ ಹೇಳಿತು: ಜನ ಹನ್ನೊಂದು ಸೆಕೆಂಡು ನೋಡಿ ಮುಚ್ಚಿದ್ದಾರೆ.

“ಸೀನಿ ಮೂಗು ಒರೆಸ್ಕೊಳ್ಳೋಕೂ ಅಷ್ಟು ಹೊತ್ತು ಸಾಲಲ್ಲ!” ಎಂದರು ದೊಡ್ಡಮ್ಮ.

ಅವರ ಹೆಮ್ಮೆಗೆ ಪೆಟ್ಟು ಬಿದ್ದದ್ದು ಹಾಗಿರಲಿ, ಕೆಲಸವೇ ಕೆಟ್ಟಿತ್ತು. ‘ಉಪಯೋಗ ಮುಗಿದ ಕುರ್ಚಿಗಳನ್ನು ದಯಮಾಡಿ ಹಿಂತಿರುಗಿಸಿ’ ಎಂಬ ಬಿನ್ನಹವಿದ್ದದ್ದು ಕೊನೆಯ ಪುಟದಲ್ಲಿ. ಅಲ್ಲಿಯತನಕ ಹೋದವರೇ ಇಲ್ಲ. ಒಂಬತ್ತು ಕುರ್ಚಿ ಯಾರ್ಯಾರದೋ ಅಟ್ಟ ಸೇರಿದ್ದವು. ಇಲ್ಲಿ ಸೊಂಟ ಮುರಿದ ಮೇಷ್ಟರೊಬ್ಬರು ಎರಡು ತಿಂಗಳಿಂದ ಮಂಚದಲ್ಲೇ ಕಾಯುತ್ತಿದ್ದರು.

ಈ ಸಲ ದೊಡ್ಡಮ್ಮನ ತಂಗಿಯ ಮಗಳು ಸಹಾಯಕ್ಕೆ ಬಂದಳು. “ದೊಡ್ಡಮ್ಮ, ಈ ವರ್ಷ ಓದೋ ವರದಿ ಬೇಡ, ಕೇಳೋದು ಮಾಡೋಣ. ಮೆಕ್ಯಾನಿಕ್ ಮಾವ ಓದ್ಲಿ.”

ಸಂಸ್ಥೆಯ ಕುರ್ಚಿಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಎಂಥ ಕುರ್ಚಿಯನ್ನಾದರೂ ಓಡುವಂತೆ ಮಾಡಬಲ್ಲವನು. ಕೈಗೆ ಕಾಗದ ಕೊಟ್ಟರೆ ಮಾತ್ರ ನಾಲಿಗೆ ಕುಂಟುತ್ತಿತ್ತು. “ಹದಿನೇಳನೆಯ ಸಂಖ್ಯೆಯ ಕುರ್ಚಿಯು...” ಎಂದು ಬೆವರು ಸುರಿಸುತ್ತ ಓದಿದ. ಮುಗಿಯಿತೆಂದುಕೊಂಡು, ರಿಪೇರಿಗೆ ಬಂದಿದ್ದ ಕುರ್ಚಿಯತ್ತ ತಿರುಗಿದ. ರೆಕಾರ್ಡ್ ಮಾಡಲು ಇಟ್ಟಿದ್ದ ಫೋನು ಇನ್ನೂ ಕೇಳಿಸಿಕೊಳ್ಳುತ್ತಿತ್ತು.

“ಬಲಕ್ಕೇ ಎಳೀತೀಯಲ್ಲೋ ಮೊಂಡ! ನಿಮ್ಮಕ್ಕ ಅಳುಮುಂಜಿನೇ ವಾಸಿ. ಕೀಯೋ ಅಂತ ಅತ್ಕೊಂಡಾದ್ರೂ ನೆಟ್ಟಗೆ ಹೋಗ್ತಿದ್ಲು. ಯಾರ ಅಟ್ಟದಲ್ಲಿ ಬಿದ್ದಿದ್ದಾಳೋ ಪಾಪ. ಇಲ್ಲಿ ಮೇಷ್ಟ್ರು ದಾರಿ ಕಾಯ್ತಾ ಇದ್ದಾರೆ...”

ಅದನ್ನು ಕೇಳಿದ ದೊಡ್ಡಮ್ಮ ಹೌಹಾರಿದರು. “ಇದೇನು ವರದಿನಾ, ಬೀದಿ ಜಗಳಾನಾ?”

“ನೀನು ನಕ್ಕೆ ತಾನೇ?” ಎಂದಳು ತಂಗಿಯ ಮಗಳು.

“ನಕ್ಕಿದ್ದು ಬೇರೆ ವಿಷಯ.”

ಆದರೂ ದೊಡ್ಡಮ್ಮ ತಾವು ಬರೆದ ಆರು ಪುಟಗಳನ್ನು ಇನ್ನೊಮ್ಮೆ ತಿರುವಿದರು. ಹದಿನೇಳು, ಇಪ್ಪತ್ತು, ಮೂವತ್ತೊಂದು: ಬರೀ ಸಂಖ್ಯೆ, ಒಂದು ಕುರ್ಚಿಗೂ ಹೆಸರಿಲ್ಲ. ನಿಟ್ಟುಸಿರು ಬಿಟ್ಟು ಪುಟಗಳನ್ನು ಮಡಿಸಿಟ್ಟರು. “ಅವನ ಬೈಗುಳಾನೇ ಕಳಿಸು. ಕೆಳಗೆ ಅವಳ ಫೋಟೋ ಹಾಕು.”

“ಯಾರ ಫೋಟೋ?”

“ಅಳುಮುಂಜೀದು ಕಣೇ, ಇನ್ಯಾರದು!”

ಅದನ್ನು ಕಳಿಸಿದ ಮೂರನೆಯ ದಿನ ಹೆಂಗಸೊಬ್ಬಳು ಕೀಯೋ ಎನ್ನುವ ಕುರ್ಚಿಯನ್ನು ತಳ್ಳಿಕೊಂಡು ಬಂದಳು. “ನಮ್ಮತ್ತೆ ಹೋದ್ಮೇಲೆ ಇದನ್ನ ಕೊಡೋಕೆ ಮನಸ್ಸೇ ಬರ್ಲಿಲ್ಲಮ್ಮ. ಕಾಯೋರು ಇದ್ದಾರೆ ಅಂತ ನನಗೇನು ಗೊತ್ತು?” ಎಂದು ಕಣ್ಣೊರೆಸಿಕೊಂಡಳು. ದೊಡ್ಡಮ್ಮ ಅವಳನ್ನು ಕೂರಿಸಿ, ನೀರು ಕೊಟ್ಟು, ಆ ಅತ್ತೆಯ ಕಥೆಯನ್ನೆಲ್ಲ ಕೇಳಿ ಕಳಿಸಿದರು.

ಆಮೇಲೆ ಮೇಷ್ಟರಿಗೆ ಫೋನು ಹಚ್ಚಿದರು. “ಕುರ್ಚಿ ಬರ್ತಿದೆ ಮೇಷ್ಟ್ರೇ. ಮೊದಲು ಎಲ್ಲಿಗೆ ಸವಾರಿ?”

“ಅಡುಗೆಮನೆಗಮ್ಮ. ಎರಡು ತಿಂಗಳಿಂದ ನಮ್ಮನೆಯವಳು ಅಲ್ಲಿಂದಲೇ ಬೈತಾಳೆ, ಇಲ್ಲಿಗೆ ಅರ್ಧಕ್ಕರ್ಧ ಕೇಳಿಸ್ತಾನೇ ಇಲ್ಲ!”