ಕಂಬಣ್ಣನ ಬಲಗೈ

ನಗರದ ಆಡಳಿತವನ್ನೇ ಅಲುಗಾಡಿಸಬಲ್ಲ ಸಂಗತಿಯೊಂದನ್ನು ಮುಚ್ಚುಮರೆಯಿಲ್ಲದೆ ಹೇಳಲೇಬೇಕಾಗಿದೆ: ಔಷಧಿ ಅಂಗಡಿ ಎದುರು ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲುವ ಟ್ರಾಫಿಕ್ ಪೇದೆಯ ಬಲಗೈ ಕಿವಿಗಿಂತ ಮೇಲೆ ಏಳದಂತಾಗಿತ್ತು.

ನಿಂತಲ್ಲೇ ನಿಲ್ಲುವವನೆಂದು ಸ್ಟೇಷನ್ನಿನವರು ಅವನನ್ನು ಕಂಬಣ್ಣ ಎನ್ನುತ್ತಿದ್ದರು. ಇದ್ದೊಬ್ಬ ತಂಗಿ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಅವನು ಮತ್ತು ಫೋನು, ಇಬ್ಬರೇ. ಡ್ಯೂಟಿ ಮುಗಿಸಿ ಬಂದವನು ಕತ್ತು ಬಗ್ಗಿಸಿ, ಭುಜ ಕುಗ್ಗಿಸಿ ಕೂತನೆಂದರೆ, ಗುರುತು ಪರಿಚಯವಿಲ್ಲದ ಯಾರೋ ಮೀನು ಹಿಡಿಯುವುದನ್ನೂ ಬಾವಿ ತೋಡುವುದನ್ನೂ ಕಣ್ಣು ಎಳೆಯುವ ತನಕ ನೋಡುತ್ತಿದ್ದ.

ಅರ್ಧಕ್ಕೇ ನಿಂತ ಕೈ ‘ನಿಲ್ಲಿ’ ಎನ್ನುವ ಬದಲು ‘ಚೆನ್ನಾಗಿದ್ದೀರಾ’ ಎಂದಂತೆ ಕಾಣುತ್ತಿತ್ತು. ಮೊದಲು ನೀರಿನ ಕ್ಯಾನ್ ಗಾಡಿಯವನು ತಾನೂ ಕೈ ಬೀಸಿ, ನಿಲ್ಲಿಸದೆ ಹೋದ. ಆಮೇಲೆ ಸ್ಕೂಟರಿನ ಟೀಚರ್ “ನಮಸ್ಕಾರ ಸಾರ್” ಅಂದರು. ಶಾಲೆ ಬಸ್ಸಿನ ಕಿಟಕಿ ತುಂಬಾ ಪುಟ್ಟ ಪುಟ್ಟ ಕೈಗಳು. ಇಷ್ಟು ವರ್ಷ ಅವನ ಕೈ ನೋಡಿದವರೇ ಹೊರತು ಮುಖ ನೋಡಿದವರಿರಲಿಲ್ಲ. ತಡೆಯಬೇಕಿತ್ತು, ನಿಜ. ಆದರೆ ಕಂಬಣ್ಣನ ನಗು ಕಿವಿಯವರೆಗೂ ಹೋಗುತ್ತಿತ್ತು. ಕೈಯೂ ಅಲ್ಲಿಗೇ ನಿಲ್ಲುತ್ತಿತ್ತು.

ಹೀಗೆ ಎಲ್ಲರೂ ಕುಶಲ ವಿಚಾರಿಸಿಕೊಂಡು ಸಾಗುತ್ತಿರುವಾಗ ಮೊಟ್ಟೆ ಟೆಂಪೋ ಒಂದು ಬಸ್ಸಿಗೆ ಮೂತಿ ತಾಗಿಸಿತು. ಮನುಷ್ಯರಿಗೆ ಏನೂ ಆಗಲಿಲ್ಲ. ಮೊಟ್ಟೆಗಳ ಬಗ್ಗೆ ಹಾಗೆ ಹೇಳುವಂತಿರಲಿಲ್ಲ.

“ಏನ್ರೀ ಕಂಬಣ್ಣ, ಗಾಡಿ ನಿಲ್ಲಿಸ್ತೀರೋ, ಆಶೀರ್ವಾದ ಮಾಡ್ತೀರೋ?” ಅಂದರು ಇನ್ಸ್‌ಪೆಕ್ಟರು. “ಇನ್ನೊಂದು ತಿಂಗಳೊಳಗೆ ಕೈ ಏಳದಿದ್ರೆ ಹಳೇ ಫೈಲ್ ರೂಮಿಗೆ ಹಾಕ್ತೀನಿ. ಅಲ್ಲಿ ಕೈ ಎತ್ತೋ ಕೆಲಸಾನೂ ಇಲ್ಲ, ನರಪಿಳ್ಳೆ ಬರೋದೂ ಇಲ್ಲ.”

ಆ ಕೊನೆಯ ಮಾತಿಗೆ ಕಂಬಣ್ಣ ನೇರ ಆಸ್ಪತ್ರೆಗೆ ಹೋದ. ವ್ಯಾಯಾಮ ಕಲಿಸುವಾಕೆ ಅವನ ಕೈ ಎತ್ತಿಸಿ, ಎರಡೇ ಬೆರಳಲ್ಲಿ ಒತ್ತಿ ಕೆಳಗಿಳಿಸಿದಳು.

“ಫೋನ್ ಜಾಸ್ತಿ ನೋಡ್ತೀರಾ?”

“ಊಟ ಮಾಡೋವಾಗ ಮಾತ್ರ ಮೇಡಂ.”

“ಊಟ ಎಷ್ಟೊತ್ತು ಮಾಡ್ತೀರಿ?”

“ನಿದ್ದೆ ಬರೋ ತನಕ.”

“ಎಲ್ಲಾ ಫೋನಿನ ತಲೆಗೆ ಕಟ್ಟಲ್ಲ. ಆದ್ರೆ ದಿನಾ ಹಿಂಗೆ ಗೂನು ಬಿದ್ದು ಕೂತ್ರೆ ಭುಜದ ಸ್ನಾಯು ಸೊರಗಬಹುದು. ಫೋನ್ ಪಕ್ಕಕ್ಕಿಟ್ಟು ಗೋಡೆ ಮೇಲೆ ಬೆರಳು ಹತ್ತಿಸಿ.”

ಫೋನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೀರು ಸೇರಿತು. ಸಂಜೆಯೆಲ್ಲಾ ಕಂಬಣ್ಣ ಗೋಡೆಗೆ ಮುಖ ಮಾಡಿ, ಬೆರಳುಗಳನ್ನು ಇರುವೆಯಂತೆ ಮೇಲೆ ಹತ್ತಿಸಿದ. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಪಕ್ಕದ ಮನೆಯ ಚಮಚದ ಸದ್ದೂ ಕೇಳುತ್ತಿತ್ತು. ತಡೆಯಲಾರದೆ ಒಮ್ಮೆ ಫೋನು ಹೊರತೆಗೆದು ತಂಗಿಗೆ ಮಾಡಿದ.

“ಏನಣ್ಣ, ಯಾರಿಗಾದ್ರೂ ಹುಷಾರಿಲ್ವಾ?”

“ಇಲ್ಲಮ್ಮ, ಸುಮ್ನೆ ಮಾಡ್ದೆ.”

“ಸುಮ್ನೆ ಯಾರಾದ್ರೂ ಫೋನ್ ಮಾಡ್ತಾರಾ? ಹೆದರಿಬಿಟ್ಟೆ. ಒಲೆ ಮೇಲೆ ಹಾಲಿದೆ, ಇಡ್ಲಾ?”

ಕಂಬಣ್ಣ ಮತ್ತೆ ಗೋಡೆಗೆ ತಿರುಗಿದ.

ತಿಂಗಳು ತುಂಬುವ ಮುಂಚೆ ಒಂದು ಬೆಳಿಗ್ಗೆ, ಬದಿಯಲ್ಲಿ ಇನ್ಸ್‌ಪೆಕ್ಟರು ನೋಡುತ್ತಿರುವಾಗಲೇ, ಅವನ ಕೈ ಟೋಪಿ ದಾಟಿ ನೆಟ್ಟಗೆ ನಿಂತಿತು. ನೀರಿನ ಕ್ಯಾನಿನವನು ಗಕ್ಕನೆ ಬ್ರೇಕ್ ಹಾಕಿ ಆ ಅಂಗೈಯನ್ನೇ ದಿಟ್ಟಿಸಿದ. ಟೀಚರ್ ಒಂದು ಕಾಲು ಊರಿ ಫೋನ್ ತೆಗೆದರು. ಶಾಲೆ ಬಸ್ಸಿನ ಕಿಟಕಿಗಳಿಂದ ಒಂದು ಪುಟ್ಟ ಕೈಯೂ ಹೊರಬರಲಿಲ್ಲ.

ಯಾರೂ ಕೈ ಬೀಸಲಿಲ್ಲ. ಕಂಬಣ್ಣನನ್ನು ಅಲ್ಲೇ ಮುಂದುವರಿಸಲಾಯಿತು.