ಕೂಸಿನ ಕಪಾಟು

ನಾನು ಒಂದು ಕಪಾಟು. ಆಳೆತ್ತರ, ಒಂದೇ ಬಾಗಿಲು. ದಾಂಡೇಲಿಯ ಸಾಗವಾನಿಯಲ್ಲಿ ನನ್ನನ್ನು ಮಾಡಿದವನು ಹುಬ್ಬಳ್ಳಿಯ ಮೌನೇಶ ಬಡಿಗೇರ. ಮಾಡಿಸಿದವರು ಒಬ್ಬ ಕಂಪೌಂಡರು. ಅವರ ದವಾಖಾನೆಯ ಮೂಲೆ ಇಕ್ಕಟ್ಟಾಗಿತ್ತು, ಅದಕ್ಕೆ ನಾನೂ ಇಕ್ಕಟ್ಟಾದೆ. ನನ್ನ ಹೊಟ್ಟೆಯಲ್ಲಿ ಟಿಂಚರ್ ಬಾಟಲಿ, ಹತ್ತಿ, ಸೂಜಿಯ ಡಬ್ಬಿ ಇರುತ್ತಿದ್ದವು. ನನ್ನ ಬಾಗಿಲು ತೆರೆದರೆ ಸಾಕು, ಮಕ್ಕಳು ಅಳಲು ಶುರುಮಾಡುತ್ತಿದ್ದರು.

ಕಂಪೌಂಡರು ಕೆಲಸ ಬಿಟ್ಟು ತಮ್ಮೂರಿಗೆ ಹೊರಟಾಗ ನನ್ನನ್ನು ಗೆಳೆಯ ಗುರುಶಾಂತಪ್ಪನಿಗೆ ಕೊಟ್ಟರು. ಗುರುಶಾಂತಪ್ಪ ಬಸ್ ಕಂಡಕ್ಟರ್. ಅವನ ಹೆಂಡತಿ ಸಿದ್ದಲಿಂಗವ್ವ ನನ್ನನ್ನು ಲಿಂಬೆ ಸಿಪ್ಪೆಯಿಂದ ತಿಕ್ಕಿ ತಿಕ್ಕಿ ತೊಳೆದಳು. ಟಿಂಚರಿನ ವಾಸನೆ ಮಾತ್ರ ಹೋಗಲಿಲ್ಲ. ಒಂದು ಬದಿಗೆ ಅವನ ಖಾಕಿ, ಇನ್ನೊಂದು ಬದಿಗೆ ಅವಳ ಸೀರೆ. ಅವನು ತೀರಿಕೊಂಡ ಮೇಲೂ ಖಾಕಿ ಅಲ್ಲೇ ಇತ್ತು. ನನ್ನ ಕೀಲಿಕೈ ಅವಳ ಸೊಂಟ ಬಿಟ್ಟು ಕದಲುತ್ತಿರಲಿಲ್ಲ. ನನ್ನನ್ನು ತೆರೆಯುವ ಹಕ್ಕು ಅವಳೊಬ್ಬಳದು. ಅದರ ಸೊಕ್ಕು ನನಗೂ ಇತ್ತು.

ಮಗ ಮಹಾಂತೇಶನಿಗೆ ಬೆಳಗಾವಿಯ ಶೈಲಾಳನ್ನು ತಂದರು. ಚೊಚ್ಚಲ ಹೆರಿಗೆಗೆ ಶೈಲಾ ತವರಿಗೆ ಹೋದಳು, ಹೆಣ್ಣು ಕೂಸು ಹುಟ್ಟಿತು, ಚಿನ್ಮಯಿ ಎಂದು ಹೆಸರಿಟ್ಟರು. ತೊಟ್ಟಿಲ ಕಾರ್ಯ ಮುಗಿಸಿಕೊಂಡು ಬಂದ ಸಿದ್ದಲಿಂಗವ್ವ ಸೀರೆ ಮಡಚಿಡುತ್ತಾ ನನ್ನೆದುರೇ ಗೊಣಗಿದಳು. "ಕೂಸಿನ ಮೂಗು ಥೇಟ್ ನಮ್ಮ ಕಡೀದು. ಆ ಕಮಲಾಕ್ಷಿ ನೋಡಿದ್ರ, ನಮ್ಮವ್ವನ ಮೂಗು, ನಮ್ಮವ್ವನ ಮೂಗು ಅಂತ ಊರೆಲ್ಲಾ ಸಾರಾಕತ್ತಾಳ."

ಕಮಲಾಕ್ಷಿ ಎಂದರೆ ಶೈಲಾಳ ತಾಯಿ, ಇವಳ ಬೀಗಿತಿ. ಕೂಸು ಹುಟ್ಟಿದಾಗಿನಿಂದ ಅದನ್ನು ಎರೆದು, ತಟ್ಟಿ, ಮಲಗಿಸುವವಳು ಅವಳು. ತೊಟ್ಟಿಲ ಕಾರ್ಯದ ಒಂದು ದಿನ ಬಿಟ್ಟರೆ ಇವಳಿಗೆ ಸಿಕ್ಕಿದ್ದು ಫೋನಿನಲ್ಲಿ ಫೋಟೋ ಅಷ್ಟೇ.

ಶೈಲಾ ಕೂಸಿನೊಂದಿಗೆ ಬರುವ ದಿನ ಗೊತ್ತಾಯಿತು. ಸಿದ್ದಲಿಂಗವ್ವ ಬಡಿಗ ಈರಣ್ಣನನ್ನು ಕರೆಸಿದಳು. "ಇದನ್ನ ಕೂಸಿನ ಕಪಾಟ ಮಾಡಿಕೊಡಪಾ."

"ಹೊಸಾದು ತರ್ರಿ ಅವ್ವಾರ. ಈಗ ಚಂದ ಚಂದದ್ದು ಬರ್ತಾವ."

"ಹೊಸಾದು ಆಕೀನೂ ತರ್ತಾಳ. ಇಂಥಾದು ಆಕಿ ಕಡೆ ಇಲ್ಲ."

ಈರಣ್ಣ ಕೆಲಸಕ್ಕೆ ಬರುವ ಮುಂಜಾನೆ ಅವಳು ಖಾಕಿ ಅಂಗಿಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತಳು. ಗುರುಶಾಂತಪ್ಪ ಎಷ್ಟೇ ಗದ್ದಲದ ಬಸ್ಸಿನಲ್ಲೂ ಕೂಸು ಹೊತ್ತವರಿಗೆ ಸೀಟು ಕೊಡಿಸುತ್ತಿದ್ದ ಮನುಷ್ಯ. "ಮೊಮ್ಮಗಳು ಬರಾಕತ್ತಾಳ್ರಿ. ಒಂದೀಟು ಜಾಗಾ ಬಿಡ್ರಿ" ಎಂದು ಅಂಗಿಗಳಿಗೆ ಹೇಳಿ, ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟಳು.

ಈರಣ್ಣ ನನ್ನೊಳಗೆ ಹಲಗೆ ಹೊಡೆದು ಖಾನೆಗಳನ್ನು ಮಾಡಿದ. ಅಂಬೆಗಾಲಿಡುವ ಕೂಸಿನ ತಲೆಗೆ ತಾಗಬಾರದೆಂದು ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದ. ಜಗ್ಗಿದರೆ ಮೈಮೇಲೆ ಬೀಳಬಾರದೆಂದು ಗೋಡೆಗೆ ಸ್ಕ್ರೂ ಹೊಡೆದ. ಮಗು ಒಳಗೆ ಸಿಕ್ಕಿಕೊಂಡೀತೆಂದು ಕೀಲಿಯನ್ನೇ ಕಿತ್ತುಹಾಕಿದ. ಮೈಗೆ ಬೆಣ್ಣೆಯ ಬಣ್ಣ ಬಂತು. ಇಷ್ಟು ವರ್ಷದ ಟಿಂಚರಿನ ವಾಸನೆ ಆ ಬಣ್ಣಕ್ಕೆ ಸೋತಿತು. ಬಣ್ಣದ ವಾಸನೆಯೂ ಹೋಗುವ ತನಕ ಸಿದ್ದಲಿಂಗವ್ವ ನನ್ನ ಬಾಗಿಲು ತೆರೆದೇ ಇಟ್ಟಳು. ಖಾನೆಗಳಿಗೆ ಹಳೆಯ ಧೋತರ ಹಾಸಿದಳು. ಹುಳ ಬರದಂತೆ ಬಜೆ, ಒಣಗಿದ ಬೇವಿನೆಲೆಯ ಗಂಟು ಕಟ್ಟಿದಳು. ಕುಲಾಯಿ, ಜಬಲಾ, ಲಂಗೋಟಿ ಜೋಡಿಸಿದಳು. ಮೇಲಿನ ಖಾನೆಯಲ್ಲಿ ತನ್ನ ಸೀರೆಗಳಿಂದಲೇ ಹೊಲಿದ ಪುಟ್ಟ ಕೌದಿ ಇಟ್ಟಳು. ನಾನು ಮದುವಣಗಿತ್ತಿಯಂತೆ ಕಾದೆ.

ಕೂಸು ಬಂತು, ಕಮಲಾಕ್ಷಿಯ ಹೆಗಲ ಮೇಲೆ. ಹಿಂದೆ ಟೆಂಪೋದಿಂದ ಇನ್ನೊಂದು ಕಪಾಟು ಇಳಿಯಿತು. ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನ ಖಾನೆಗಳು, ಖಾನೆಗೊಂದು ನಗುವ ಮೊಲ. ಅದನ್ನು ನನ್ನ ಎದುರಿಗೇ ಇಟ್ಟರು.

ಕಮಲಾಕ್ಷಿ ನನ್ನ ಮೈಮೇಲೆ ಕೈಯಾಡಿಸಿ, "ಹಳೇದನ್ನ ಎಷ್ಟ್ ಚಂದ ಮಾಡಿಸೀರಿ ಬೀಗತ್ಯಾರ!" ಎಂದಳು. ಸಿದ್ದಲಿಂಗವ್ವನ ಕಿವಿಯಲ್ಲಿ 'ಹಳೇದು' ಎಂಬುದೊಂದೇ ಉಳಿಯಿತು. ಕೂಸನ್ನು ಎತ್ತಿಕೊಂಡಳು. ಅದು ಅವಳ ಮುಖ ನೋಡಿ ಕಿಟಾರನೆ ಕಿರುಚಿತು.

"ಗುರ್ತಿಲ್ಲಲ್ರಿ ಇನ್ನಾ, ಆಗ್ತದ" ಎಂದು ಕಮಲಾಕ್ಷಿ ಎತ್ತಿಕೊಂಡಳು. ಕೂಸು ಥಟ್ಟನೆ ಸುಮ್ಮನಾಯಿತು.

ಮೊಲದ ಖಾನೆಗಳನ್ನು ಎಳೆಯುವುದು ಸುಲಭ, ಹಾಗಾಗಿ ಶೈಲಾ ನಿತ್ಯದ ಬಟ್ಟೆಗಳನ್ನೆಲ್ಲ ಅಲ್ಲಿಗೆ ಸಾಗಿಸಿದಳು. ನನ್ನ ಪಾಲಿಗೆ ಉಳಿದದ್ದು ಯಾವಾಗಲೋ ಬೇಕಾಗುವ ಸಾಮಾನು. ಮೊಲಗಳು ಹಗಲಿಡೀ ನನ್ನನ್ನೇ ನೋಡಿ ನಗುತ್ತಿದ್ದವು. ನನಗೆ ಹೊಟ್ಟೆಕಿಚ್ಚಿನಲ್ಲಿ ಮೈ ಬಿರಿಯುವಂತಾಗುತ್ತಿತ್ತು. ಸಿದ್ದಲಿಂಗವ್ವನದೂ ಅದೇ ಗತಿ. ಕಮಲಾಕ್ಷಿ ಬಂದದ್ದು ಎರಡು ದಿನಕ್ಕೆಂದು. ಕೂಸು ಹೊಂದಿಕೊಳ್ಳಲಿ ಎಂದು ವಾರವಾದರೂ ಉಳಿದಳು. ಅವಳೂ ಒಂದು ಕೌದಿ ಹೊಲಿದಿದ್ದಳು, ಶೈಲಾ ಚಿಕ್ಕಂದಿನಲ್ಲಿ ತೊಡುತ್ತಿದ್ದ ಫ್ರಾಕುಗಳಿಂದ. ಕೂಸು ಅದರ ಮೇಲಲ್ಲದೆ ಮಲಗುತ್ತಿರಲಿಲ್ಲ.

ಒಂದು ದಿನ ಸಿದ್ದಲಿಂಗವ್ವ ಕೂಸಿಗೆ ಎರೆಯಲು ಕೂತಳು. ಕಮಲಾಕ್ಷಿ ಬಗ್ಗಿ ಬೆರಳದ್ದಿದಳು. "ನೀರು ಸ್ವಲ್ಪ ಬಿಸಿ ಅನಸ್ತದ ನೋಡ್ರಿ."

"ನಾನೂ ಒಂದು ಹಡದು ಬೆಳಸೇನ್ರಿ" ಎಂದಳು ಸಿದ್ದಲಿಂಗವ್ವ.

ಮಧ್ಯಾಹ್ನ ಕೋಣೆಯಲ್ಲಿ ಯಾರೂ ಇಲ್ಲದಾಗ ಅವಳು ತೊಟ್ಟಿಲಿನಿಂದ ಆ ಫ್ರಾಕಿನ ಕೌದಿ ತೆಗೆದು ನನ್ನ ಮೇಲಿನ ಖಾನೆಯ ಹಿಂದಕ್ಕೆ ತುರುಕಿದಳು. ತನ್ನ ಕೌದಿಯನ್ನು ತೊಟ್ಟಿಲಿಗೆ ಹಾಸಿದಳು. "ಒಂದs ದಿನ. ನನ್ನ ಕೌದಿ ಮ್ಯಾಲೂ ಒಂದು ದಿನ ಮಲಗಲಿ."

ಕೂಸು ಮಲಗಲಿಲ್ಲ. ಅತ್ತಿತು. ಹಾಲು ಕುಡಿಯಲಿಲ್ಲ. ಅತ್ತೂ ಅತ್ತೂ ದನಿ ಬಿದ್ದುಹೋಯಿತು. ಶೈಲಾ ಮೊಲದ ಖಾನೆಗಳನ್ನೆಲ್ಲ ಎಳೆದು ಕೊಡವಿದಳು, ಹಿತ್ತಲಿನ ಹಗ್ಗ ನೋಡಿ ಬಂದಳು. ಅವಳ ಕಣ್ಣಲ್ಲೂ ನೀರು. "ಅತ್ತಿ, ಕೌದಿ ನೀವೇನರ ನೋಡೀರೇನ್ರಿ?"

"ಇಲ್ಲವ್ವಾ."

ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಬಾಯಿದ್ದಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ. ಬಹಳ ದಿನಗಳ ಮೇಲೆ ಎಲ್ಲರಿಗೂ ಬೇಕಾದ ವಸ್ತು ನನ್ನ ಹೊಟ್ಟೆಯಲ್ಲಿತ್ತು.

ದೀಪ ಹಚ್ಚುವ ಹೊತ್ತಿಗೆ ನನ್ನ ಬಾಗಿಲು ತೆರೆದವಳು ಕಮಲಾಕ್ಷಿ. ಹಿಂದಿನಿಂದ ಇಣುಕುತ್ತಿದ್ದ ಫ್ರಾಕಿನ ಚೂರು ಅವಳಿಗೆ ಕಂಡಿತು. ಅವಳ ಉಸಿರು ಬಿಸಿಯಾಯಿತು. ಕೂಗಿದ್ದರೆ ಮನೆಯವರೆಲ್ಲ ಬರುತ್ತಿದ್ದರು. ಅವಳು ಕೂಗಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿ ಬೀಗಿತಿಯನ್ನು ಕರೆದಳು.

"ಅಕ್ಕಾರ, ಒಂದೀಟು ಇಲ್ಲೆ ಬರ್ರಿ." ಅಲ್ಲಿಯವರೆಗೆ ಅವಳ ಬಾಯಲ್ಲಿ ಬರೀ 'ಬೀಗತ್ಯಾರ' ಇತ್ತು. "ನನಗ ಕಣ್ಣು ಮಂಜು. ಮ್ಯಾಲಿನ ಖಾನೆ ನೀವು ಹುಡುಕ್ರಿ. ನಿಮ್ಮ ಕೈಗೆ ಸಿಗ್ತದ."

ಸಿದ್ದಲಿಂಗವ್ವನ ಮುಖ ಸುಣ್ಣವಾಯಿತು. "ನೋಡಿಬಿಟ್ರಿ, ಹೌದಲ್ಲ?"

"ನಾಳೆ ಹೊಂಟೀನ್ರಿ ನಾನು. ಇನ್ನ ಕೂಸು ದಿನಾ ನಿಮ್ಮ ಮಡಿಲಾಗ ಇರ್ತದ. ನನ್ನ ಮಾರಿ ಮರೀತದ. ಅದನ್ನ ನೆನಸ್ಕೊಂಡು ನಿಮ್ಮ ಮ್ಯಾಲ ಉರಕೊಂಡೇ ಕುಂತೀನಿ. ನೀರು ಬಿಸಿ ಅಂದ್ನೆಲ್ಲ?" ಕಮಲಾಕ್ಷಿ ತಲೆ ತಗ್ಗಿಸಿದಳು. "ಬಿಸಿ ಇರಲಿಲ್ರಿ. ಸರೀನs ಇತ್ತು."

ಸಿದ್ದಲಿಂಗವ್ವ ಕೌದಿ ಎಳೆದು ತೆಗೆದು, ಕೂಸನ್ನು ಅದರಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಒಬ್ಬಳ ಕೌದಿ, ಒಬ್ಬಳ ಎದೆ. ಕೂಸು ಬಿಕ್ಕುತ್ತಾ ನಿದ್ದೆಹೋಯಿತು.

ಅಂದೇ ಹೊಟ್ಟೆಕಿಚ್ಚು ಆರಿತೆಂದರೆ ಸುಳ್ಳು. ಮೊದಲ ಹಲ್ಲು ಮೂಡಿದ ಸುದ್ದಿಯನ್ನು ಸಿದ್ದಲಿಂಗವ್ವ ಒಂದು ದಿನ ತನ್ನಲ್ಲೇ ಇಟ್ಟುಕೊಂಡು, ಮರುದಿನವಷ್ಟೇ ಬೆಳಗಾವಿಗೆ ಹೇಳಿದಳು. ಬೀಗಿತಿ ಕಳಿಸಿದ ಉಂಡಿ ಚಿನ್ಮಯಿಗೆ ರುಚಿಸಿದರೆ, "ಬೆಲ್ಲ ಜಾಸ್ತಿ" ಎನ್ನುತ್ತಿದ್ದಳು. ನಾನೇನು ಕಡಿಮೆ? ಮೊಲದ ಖಾನೆಗಳು ಸೀಳಿ ಗುಜರಿಯವನ ಗಾಡಿ ಹತ್ತಿದ ದಿನ ನನಗೆ ಹಬ್ಬವಾಯಿತು.

ಚಿನ್ಮಯಿಯ ಬಟ್ಟೆಗಳು ನನ್ನಲ್ಲಿ ಹಿಡಿಸದಷ್ಟಾದಾಗ ಮನೆಗೆ ದೊಡ್ಡ ಸ್ಟೀಲಿನ ಬೀರು ಬಂತು. ಸಿದ್ದಲಿಂಗವ್ವ ನನ್ನನ್ನು ಯಾರಿಗೂ ಕೊಡಗೊಡಲಿಲ್ಲ. ಬೆಳಗಾವಿಗೆ ಕಳಿಸಿದಳು. "ರಜಾಕ್ಕ ಹೋದಾಗ ಹುಡುಗಿ ಅರಬಿ ಇಡಾಕ ಜಾಗಾ ಬೇಕಲ್ಲ" ಎಂದಳು. ಅದು ನಿಜ. ಆ ಮನೆಯಲ್ಲೂ ತನ್ನದೊಂದು ನಿಂತಿರಲಿ ಎಂಬುದೂ ನಿಜ.

ಈಗ ನಾನು ಕಮಲಾಕ್ಷಿಯ ನಡುಮನೆಯ ಮೂಲೆಯಲ್ಲಿದ್ದೇನೆ. ಬಣ್ಣ ಅಲ್ಲಲ್ಲಿ ಎದ್ದಿದೆ, ಬಾಗಿಲು ನರಳುತ್ತದೆ. ಈ ಬೇಸಿಗೆ ಚಿನ್ಮಯಿಯ ಜೊತೆ ಸಿದ್ದಲಿಂಗವ್ವನೂ ಬಂದಿದ್ದಳು. ಹುಡುಗಿಯ ಬಾಯಲ್ಲಿ ರಜೆಯುದ್ದಕ್ಕೂ ಒಂದೇ ಮಾತು. "ನಮ್ಮ ಮೃಣಾಲಿನಿ ಮಿಸ್ಸು ಹಿಂಗಂದ್ರು, ನಮ್ಮ ಮಿಸ್ಸು ಹಂಗ ಮಾಡ್ತಾರ."

ಶೈಲಾ ಬಂದು ಮಗಳನ್ನು ಕರೆದುಕೊಂಡು ಹೋದ ಮೇಲೆ ಇಬ್ಬರು ಮುದುಕಿಯರೂ ಒಂದೇ ಮಂಚದ ಮೇಲೆ ಕುಳಿತರು.

"ಯಾರ್ರಿ ಅಕ್ಕಾರ ಆಕಿ, ಆ ಮಿಸ್ಸು?" ಎಂದಳು ಕಮಲಾಕ್ಷಿ.

"ಯಾರಿಗೆ ಗೊತ್ತವ್ವಾ? ಹುಡುಗಿ ತಲೀಗೆ ಏನು ತುಂಬ್ಯಾಳೋ!"

ಇಬ್ಬರೂ ಒಂದೇ ಪಕ್ಷವಾಗಿ ಆ ಕಾಣದ ಹೆಂಗಸನ್ನು ಬೈದರು. ಬೈಯುತ್ತಾ ಬೈಯುತ್ತಾ ನಕ್ಕರು.

ನನಗೆ ನಗು ಬರಲಿಲ್ಲ. ಬೆನ್ನು ಗೋಡೆಗೆ ಕೊಟ್ಟು ನಿಲ್ಲುವುದು ಕಪಾಟಿನ ಹಣೆಬರಹ, ಇಟ್ಟದ್ದನ್ನು ಕಾಯಬಹುದು, ಇಟ್ಟವರ ಹಿಂದೆ ಹೋಗಲಾಗದು. ಇಷ್ಟು ವಯಸ್ಸಾಗಿ ಅದು ನನಗೆ ತಿಳಿದಿದೆ. ಆದರೆ ಹೊರಡುವ ಮುಂಚೆ ಚಿನ್ಮಯಿ ನನ್ನ ಖಾನೆಗಳನ್ನೆಲ್ಲ ಖಾಲಿ ಮಾಡಿ ಒಂದು ನೀಲಿ ಚೀಲಕ್ಕೆ ತುಂಬಿಕೊಂಡಳು. ಅದು ಅವಳ ಬೆನ್ನಿಗೆ ಅಂಟಿಕೊಂಡು, ಕುಣಿಯುತ್ತಾ ಹೊಸ್ತಿಲು ದಾಟಿ ಹೋಯಿತು.

ಆ ಚೀಲ ಕಂಡರೆ ನನಗೆ ಆಗುವುದಿಲ್ಲ.