ಬಣ್ಣದ ಕೆಳಗಿನ ಇಸವಿ

“ಏ ಮಾನಪ್ಪಾ, ನಿನ್ನ ಕೈಯಾಗ ಪಾನಾ ಕೊಟ್ಟಿದ್ದ ನನ್ನ ತಪ್ಪು. ನಾಳಿಂದ ಸೈಕಲ್ಲಿಗೆ ಗಾಳಿ ಹೊಡಕೊಂತ ಕುಂದ್ರು. ಅಲ್ಲಿ ಯಾರೂ ಸಾಯಂಗಿಲ್ಲ.”

ಹೀಗೆ ಅಂದವನು ನನ್ನ ಮಾಲೀಕ ಈರಬಸಪ್ಪ ಸಾವಕಾರ. ಅನ್ನಿಸಿಕೊಂಡವನು ಪಾನಾ, ಅಂದರೆ ಸ್ಪ್ಯಾನರು, ಹಿಡಿದು ನನ್ನ ರಿಪೇರಿ ಮಾಡುವ ಮಾನಪ್ಪ. ಹುಬ್ಬಳ್ಳಿಯ ಗಬ್ಬೂರು ಬೈಪಾಸಿನ ಮೇಲೆ, ಮಟಮಟ ಮಧ್ಯಾಹ್ನ, ನಲವತ್ತು ಜನರ ಮುಂದೆ. ಲಾರಿ ನಿಲ್ಲಿಸಿ ನೋಡಲು ಇಳಿದ ಡ್ರೈವರುಗಳು, ಇಬ್ಬರು ಪೊಲೀಸರು, ಚಹಾದಂಗಡಿಯಿಂದ ಗ್ಲಾಸು ಹಿಡಿದುಕೊಂಡೇ ಓಡಿಬಂದವರು. ಕೆಲವರು ನಕ್ಕರು. ಮಾನಪ್ಪನಿಗೆ ಐವತ್ತು ದಾಟಿದೆ. ಅವನು ಎಣ್ಣೆ ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಿಂತಿದ್ದ, ಅಷ್ಟೇ.

ಆದದ್ದು ಇಷ್ಟು. ತಗ್ಗಿಗೆ ಬಿದ್ದ ಹಾಲಿನ ಟ್ಯಾಂಕರನ್ನು ನಾನು ಎತ್ತುತ್ತಿದ್ದೆ. ಅರ್ಧಕ್ಕೆ ಎತ್ತಿದ್ದೆ. ಆಗ ನನ್ನೊಳಗೆ ಒಂದು ಪೈಪು ಢಬ್ಬೆಂದು ಒಡೆಯಿತು. ಕಾದ ಎಣ್ಣೆ ಚಿಮ್ಮಿತು, ನನ್ನ ತೋಳು ಕುಸಿಯಿತು, ಟ್ಯಾಂಕರು ಮತ್ತೆ ತಗ್ಗಿಗೆ ಉರುಳಿತು. ಅದರ ಕೆಳಗೆ ಸರಪಳಿ ಬಿಗಿಯುತ್ತಿದ್ದ ನನ್ನ ಡ್ರೈವರ್ ಯಮನೂರ ನೀರು ಕುಡಿಯಲೆಂದು ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದ. ಆ ನಾಲ್ಕು ಹೆಜ್ಜೆಯಿಂದ ಅವನು ಉಳಿದ. ಹಿಂದಿನ ವಾರವಷ್ಟೇ ಮಾನಪ್ಪ ನನ್ನ ಎರಡು ಪೈಪು ಬದಲಿಸಿದ್ದ. ಸಾವಕಾರನಿಗೆ ಅಷ್ಟು ಸಾಕಾಯಿತು. ಒಡೆದದ್ದು ಯಾವ ಪೈಪು ಎಂದು ಅವನು ಬಗ್ಗಿ ನೋಡಲೂ ಇಲ್ಲ.

ನಾನು ಯಾರೆಂದು ಈಗ ಹೇಳುತ್ತೇನೆ. ನಾನು ಸೈನ್ಯದ ಎತ್ತುವ ಲಾರಿ. ನೀವು ಕ್ರೇನು ಅನ್ನುತ್ತೀರಿ, ಅನ್ನಿ. ಉತ್ತರದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಹತ್ತು ಚಕ್ರ, ಬೆನ್ನ ಮೇಲೊಂದು ಉದ್ದದ ಕಬ್ಬಿಣದ ತೋಳು, ಸೊಂಟದಲ್ಲಿ ಉಕ್ಕಿನ ಹಗ್ಗದ ಉರುಳೆ. ಕೆಟ್ಟು ನಿಂತದ್ದನ್ನು ಎಳೆಯುವುದು, ಬಿದ್ದದ್ದನ್ನು ಎತ್ತುವುದು ನನ್ನ ಕೆಲಸ. ಬಂದೂಕು ಹೊತ್ತವರಿಗೆ ಪದಕ ಕೊಟ್ಟರು. ಕೆಸರಿನಲ್ಲಿ ಹೂತ ಲಾರಿಗಳನ್ನು ಎಳೆದ ನನಗೆ ಗ್ರೀಸು ಕೊಟ್ಟರು. ಬೇಸರವೇನಿಲ್ಲ, ಗ್ರೀಸೇ ಬೇಕಾಗಿತ್ತು.

ಹಿಮ ಬೀಳುವ ಕಣಿವೆಗಳಲ್ಲಿ ಇಪ್ಪತ್ತು ವರ್ಷ ದುಡಿದೆ. ನನ್ನ ತೋಳಿಗೆ ಬಲ ಕೊಡುವುದು ಎಣ್ಣೆ. ಆ ಎಣ್ಣೆ ಓಡಾಡುವುದು ಒಂಬತ್ತು ರಬ್ಬರಿನ ಪೈಪುಗಳಲ್ಲಿ. ಮನುಷ್ಯರಿಗೆ ನರ ಇದ್ದ ಹಾಗೆ. ಅಲ್ಲಿನ ವರ್ಕ್‌ಶಾಪಿನ ಹವಾಲ್ದಾರ ಪ್ರತಿ ಪೈಪಿನ ಕೊರಳಿಗೂ ತಗಡಿನ ಬಿಲ್ಲೆ ಕಟ್ಟುತ್ತಿದ್ದ. ಬಿಲ್ಲೆಯ ಮೇಲೆ ತಾರೀಖು. ಅವಧಿ ಮುಗಿಯಿತೆಂದರೆ ಪೈಪು ಚೆನ್ನಾಗಿದ್ದರೂ ಬಿಚ್ಚಿ ಎಸೆಯುತ್ತಿದ್ದ. ಕೊನೆಯ ಸಲ ಹಾಗೆ ಬದಲಿಸಿದ್ದು ತೊಂಬತ್ತೆಂಟರಲ್ಲಿ. ಆಮೇಲೆ ನನ್ನ ನಿವೃತ್ತಿಯ ಕಾಗದ ಬಂತು. ಕಾಗದ ಬಂದವನ ನರ ಯಾರು ನೋಡುತ್ತಾರೆ? ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಬಿಲ್ಲೆಗಳನ್ನು ಯಾರೋ ಕಿತ್ತುಕೊಂಡು ಹೋದರು.

ಹರಾಜಿನಲ್ಲಿ ಈರಬಸಪ್ಪ ಸಾವಕಾರ ನನ್ನನ್ನು ಹಿಡಿದ. ರೈಲಿನ ಮೇಲೆ ಹುಬ್ಬಳ್ಳಿಗೆ ಬಂದೆ. ಮೊದಲ ದಿನವೇ ನನ್ನ ಬಾನೆಟ್ಟಿನ ಮೇಲೆ ಕೈ ಬಡಿದು ಊರಿಗೆಲ್ಲ ಕೇಳುವಂತೆ ಹೇಳಿದ: “ಮಿಲ್ಟ್ರಿ ಮಾಲಪಾ ಇದು. ನಾವು ಸತ್ತರೂ ಇದು ಸಾಯಂಗಿಲ್ಲ.” ಕೇಳಲು ಹಿತವಾಗಿತ್ತು. ಆದರೆ ಅದರರ್ಥ, ನನಗೆ ಏನೂ ಮಾಡಿಸಬೇಕಾಗಿಲ್ಲ ಎಂದು. ಗಟ್ಟಿ ಅನ್ನಿಸಿಕೊಂಡವರ ಗತಿ ಎಲ್ಲೆಲ್ಲೂ ಇದೇ. ನರಳಿದರೂ ಯಾರೂ ನಂಬುವುದಿಲ್ಲ.

ಸಾವಕಾರ ಕೆಟ್ಟವನಲ್ಲ. ನನ್ನನ್ನು ಅವನು ಪೂಜಿಸುತ್ತಿದ್ದ. ಅದೇ ತೊಂದರೆ. ಪ್ರತಿ ಖಂಡೇನವಮಿಗೆ, ಆಯುಧಪೂಜೆಯ ದಿನ, ಪೇಂಟರು ಬಂದು ನನ್ನ ಮೈಗೆಲ್ಲ ಹೊಸ ಹಸಿರು ಬಣ್ಣ ಹೊಡೆಯಬೇಕು. ತಗಡಿಗೆ, ತೋಳಿಗೆ, ಚಕ್ರದ ಬಟ್ಟಲಿಗೆ, ಕೊನೆಗೆ ಆ ರಬ್ಬರಿನ ಪೈಪುಗಳಿಗೂ. ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಫೋಟೊ ತೆಗೆಸುತ್ತಿದ್ದ. ಹದಿನಾಲ್ಕು ಖಂಡೇನವಮಿ, ಹದಿನಾಲ್ಕು ಪದರ ಬಣ್ಣ. ಪೈಪುಗಳು ಕಬ್ಬಿಣದ ಸರಳುಗಳಂತೆ ಹೊಳೆಯುತ್ತಿದ್ದವು. ಒಳಗೆ ರಬ್ಬರು ಬಿರಿಯುತ್ತಿತ್ತು.

ಮಾನಪ್ಪ ನನ್ನ ಬಳಿ ಬಂದದ್ದು ನಾಲ್ಕು ವರ್ಷದ ಹಿಂದೆ. ಅವನಿಗೆ ಅಂಗಡಿ ಇಲ್ಲ. ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಪಾನಾಗಳು. ಗ್ಯಾರೇಜಿನಿಂದ ಗ್ಯಾರೇಜಿಗೆ ಹೋಗಿ ಕೆಲಸ ಮಾಡುವವನು. ಅವನು ಜೋಡಿಸಿದ ಜೋಡಣೆ ಬಿಚ್ಚುವುದಿಲ್ಲ ಅನ್ನುವ ಹೆಸರೊಂದೇ ಅವನ ಅಂಗಡಿ. ಮೊದಲ ಖಂಡೇನವಮಿಗೇ ಪೇಂಟರನ್ನು ತಡೆದು, ಪೈಪಿಗೆ ಬಣ್ಣ ಬೇಡ, ಬಿರುಕು ಬಿಟ್ಟರೆ ಕಣ್ಣಿಗೆ ಕಾಣಬೇಕು ಅಂದಿದ್ದ. ಸಾವಕಾರ ನಕ್ಕುಬಿಟ್ಟ. “ಮದಿಮಗಗ ಅರ್ಧಾ ಮೈಗೆ ಅರಿಷಿಣ ಹಚ್ಚತಾರೇನಲೇ?” ಅಂದ. ಎಲ್ಲರೂ ನಕ್ಕರು. ಬಣ್ಣ ಹೊಡೆದರು.

ಆ ಹಿಂದಿನ ವಾರ ಎರಡು ಪೈಪು ಸೋರತೊಡಗಿದಾಗ ಮಾನಪ್ಪ ಒಂಬತ್ತನ್ನೂ ಬದಲಿಸೋಣ ಅಂದ. ಸೋರುವ ಎರಡನ್ನು ಮಾಡು, ಉಳಿದದ್ದು ಮಿಲ್ಟ್ರಿ ಮಾಲು ಅಂದ ಸಾವಕಾರ. ಎರಡನ್ನೇ ಮಾಡಿದ. ಮುಂದಿನದು ನಿಮಗೆ ಗೊತ್ತು.

ಬೈಪಾಸಿನಲ್ಲಿ ಆಡಿದ ಮಾತು ಸಂಜೆಗೆ ಗಬ್ಬೂರು ದಾಟಿತ್ತು. ಮಾನಪ್ಪನ ಜೋಡಣೆ ಬಿಚ್ಚಿತಂತೆ, ಯಮನೂರ ಸಾಯುತ್ತಿದ್ದನಂತೆ. ಮರುದಿನ ಒಬ್ಬ ಟಿಪ್ಪರ್ ಮಾಲೀಕ, ಬರುವುದು ಬೇಡ ಎಂದು ಮಾನಪ್ಪನಿಗೆ ಹೇಳಿ ಕಳಿಸಿದ. ಅದರ ಮರುದಿನ ಇನ್ನಿಬ್ಬರು. ಇದೆಲ್ಲ ನನ್ನ ಬಗಲಲ್ಲೇ ಬೀಡಿ ಸೇದುವವರ ಬಾಯಿಂದ ನನಗೆ ತಿಳಿಯಿತು. ನನ್ನ ಹೊಟ್ಟೆಯಲ್ಲಿ ಸಾಕ್ಷಿ ನೇತಾಡುತ್ತಿತ್ತು. ಯಾರೂ ಬಗ್ಗಲಿಲ್ಲ. ನನಗೆ ಹಾರ್ನ್ ಇದೆ, ಬಾಯಿಲ್ಲ.

ಬಗ್ಗುವಂತೆ ಮಾಡಿದವನು ಯಮನೂರ. ಕೀಲಿಕೈಯನ್ನು ಸಾವಕಾರನ ಮೇಜಿನ ಮೇಲಿಟ್ಟು, “ಎಲ್ಲಾ ಪೈಪ್ ಬದ್ಲಿ ಆಗೂತನಕ ನಾ ಗಾಡಿ ಹತ್ತಂಗಿಲ್ರಿ. ಅದೂ ಮಾನಪ್ಪಣ್ಣನ ಕೈಲೇ ಆಗಬೇಕ್ರಿ,” ಅಂದ. ಬೇರೆಯವರನ್ನು ಕರೆಸಿ ನೋಡಿದರು. ನನ್ನ ಹಳೇ ಕಾಲದ ನಟ್ಟುಗಳನ್ನು ಕಂಡು ಅವರು ತಲೆ ಕೆರೆದುಕೊಂಡು ಹೋದರು. ಕೊನೆಗೆ ಮಾನಪ್ಪನಿಗೆ ಹೇಳಿ ಕಳಿಸಿದರು.

ಅವನು ಬಂದ. ಯಾಕೆ ಬಂದ ಎಂದು ನಿಮಗನ್ನಿಸಬಹುದು. ನಾನಾಗಿದ್ದರೆ ಬರುತ್ತಿರಲಿಲ್ಲ. ಆದರೆ ಬರದಿದ್ದರೆ ಸಾವಕಾರ ಅಂದದ್ದೇ ನಿಜವಾಗಿ ಉಳಿಯುತ್ತಿತ್ತು.

ಮೊದಲು ನನ್ನ ತೋಳನ್ನು ಇಳಿಸಿ, ಮರದ ದಿಮ್ಮಿಗಳ ಮೇಲೆ ಕೂರಿಸಿದ. ಎಂಜಿನ್ನು ನಿಲ್ಲಿಸಿ ಲಿವರುಗಳನ್ನು ಹಿಂದೆ ಮುಂದೆ ಆಡಿಸಿ, ಪೈಪುಗಳಲ್ಲಿ ಉಳಿದಿದ್ದ ಒತ್ತಡ ತೆಗೆದ. ಆಮೇಲೆ ನಟ್ಟುಗಳನ್ನು ಸಡಿಲಿಸಿದ. ಬಣ್ಣ ಮೆತ್ತಿ ಮೆತ್ತಿ ಅವು ಕಲ್ಲಾಗಿದ್ದವು. ಬಿಚ್ಚಿದ ಬಾಯಿಗೆಲ್ಲ ದೂಳು ಹೋಗದಂತೆ ಬಟ್ಟೆಯಲ್ಲ, ಮುಚ್ಚಳ ಹಾಕಿದ. ಬಟ್ಟೆಯ ಒಂದು ಎಳೆ ಒಳಗೆ ಹೋದರೂ ನನಗೆ ಕಷ್ಟ.

ಒಡೆದ ಪೈಪು ಕೈಗೆ ಬಂದಾಗ ಅವನು ನೆಲದ ಮೇಲೆ ಕೂತ. ಯಮನೂರ ಬಂದು ಬಗಲಲ್ಲಿ ಕೂತ. ಥಿನ್ನರಿನಲ್ಲಿ ಅದ್ದಿದ ಚಿಂದಿಯಿಂದ ಮಾನಪ್ಪ ಪೈಪನ್ನು ಉಜ್ಜತೊಡಗಿದ. ಒಂದೊಂದೇ ಖಂಡೇನವಮಿ ಕರಗಿ ಇಳಿಯಿತು. ಕೆಳಗೆ ರಬ್ಬರು ಬೇಸಿಗೆಯ ಕೆರೆಯ ತಳದಂತೆ ಬಿರಿದಿತ್ತು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಇಸವಿ: ೧೯೯೮. ಒಡೆದದ್ದು ಪೈಪಿನ ನಡುವೆ. ಅವನ ಎರಡು ಪೈಪುಗಳು ಅದರ ಪಕ್ಕದಲ್ಲೇ, ಕರ‍್ರಗೆ, ಒಣಗಿ, ಒಂದು ಹನಿ ಎಣ್ಣೆಯೂ ಜಿನುಗದೆ ಕೂತಿದ್ದವು.

ಯಮನೂರ ಏನೋ ಹೇಳಲು ಬಾಯಿ ತೆರೆದ. ಮಾನಪ್ಪ ಪೈಪನ್ನು ಮೂಲೆಗಿಟ್ಟು, ಕೆಲಸ ಐತಿ ಅಂದ.

ಮೂರು ದಿನ ಹಿಡಿಯಿತು. ಏಳು ಪೈಪುಗಳ ಅಳತೆ ತೆಗೆದುಕೊಂಡು ಹೋಗಿ ತಾನೇ ಮುಂದೆ ನಿಂತು ಮಾಡಿಸಿಕೊಂಡು ಬಂದ. ಒಂದು ಪಾನಾದಿಂದ ಪೈಪಿನ ಕೊರಳು ಹಿಡಿದು, ಇನ್ನೊಂದರಿಂದ ನಟ್ಟು ಬಿಗಿದ. ಬರೀ ಬಿಗಿದರೆ ಪೈಪು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ, ತಿರುಚಿದ ಪೈಪು ಬೇಗ ಸಾಯುತ್ತದೆ. ಪೈಪಿನುದ್ದಕ್ಕೆ ಅಚ್ಚಾದ ಬಿಳಿ ಗೆರೆಯನ್ನು ಯಮನೂರನಿಗೆ ತೋರಿಸಿದ. “ಈ ಗೆರಿ ಸೀದಾ ಇರಬೇಕು ನೋಡು. ಸುತ್ತಕೊಂಡಿತ್ತು ಅಂದ್ರ ಮತ್ತ ಬಿಚ್ಚು. ನಾ ಇರಲಿ, ಬಿಡಲಿ.”

ಮೂರನೆಯ ದಿನ ಸಂಜೆಗೆ ಮುಂಚೆ ನನ್ನನ್ನು ಪರೀಕ್ಷೆ ಮಾಡಿದರು. ಕಲ್ಲು ತುಂಬಿದ ಲಾರಿಯ ಮೂತಿ ಹಿಡಿದು ಎತ್ತಿದೆ. ಅರ್ಧ ಗಂಟೆ ಹಾಗೇ ಹಿಡಿದು ನಿಂತೆ. ಒತ್ತಡದಲ್ಲಿ ಸೋರುವ ಎಣ್ಣೆ ಚರ್ಮ ಸೀಳುತ್ತದೆಂದು ಮಾನಪ್ಪ ಜೋಡಣೆಗಳ ಹತ್ತಿರ ಕೈ ಒಯ್ಯದೆ, ರಟ್ಟಿನ ತುಂಡು ಹಿಡಿದು ನೋಡಿದ. ರಟ್ಟು ಒಣಗಿಯೇ ಇತ್ತು. ಎಷ್ಟೋ ವರ್ಷದ ಮೇಲೆ ನನ್ನ ತೋಳು ನಡುಗಲಿಲ್ಲ. ಆದರೂ ನಾನು ದಣಿದಿದ್ದೇನೆ. ಹೊಸ ನರ ಹಾಕಿದರೆ ಹಳೆಯ ಎಲುಬು ಎಳೆಯದಾಗುವುದಿಲ್ಲ. ಇನ್ನೆಷ್ಟು ಲಾರಿ ಎತ್ತುತ್ತೇನೋ, ಮುಂದೆ ಯಾವ ಗುಜರಿಯವನು ನನ್ನನ್ನು ಕೊಯ್ಯುತ್ತಾನೋ. ಆ ದಿನ ಬಂದರೆ ಅಳುವುದಿಲ್ಲ. ಸಾಯುವುದಿಲ್ಲ ಎಂದು ಹೊಗಳಿಸಿಕೊಂಡು ಬದುಕುವುದು ಸಾಕಾಗಿದೆ.

ಸಾವಕಾರ ಬಂದ. ಮೂಲೆಯ ಪೈಪನ್ನು ಯಮನೂರನೇ ತೋರಿಸಿದ. ಸಾವಕಾರ ಬಗ್ಗಿ ಇಸವಿ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ. ಅಂಗಳದ ಗೇಟಿನ ಆಚೆ ಚಹಾದಂಗಡಿಯ ಬೆಂಚುಗಳ ಮೇಲೆ, ಅಂದು ಬೈಪಾಸಿನಲ್ಲಿ ನಕ್ಕಿದ್ದ ಅದೇ ಡ್ರೈವರುಗಳು ಕೂತಿದ್ದರು. ಅವನು ಆ ಕಡೆ ಒಮ್ಮೆ ನೋಡಿದ. ಆಮೇಲೆ ಮಾನಪ್ಪನ ಹೆಗಲ ಮೇಲೆ ಕೈಯಿಟ್ಟು ನನ್ನ ಹಿಂದಿನ ಚಕ್ರದ ಮರೆಗೆ ಕರೆದುಕೊಂಡು ಬಂದ. ನಲವತ್ತು ಜನರ ಮುಂದೆ ಬೈದ ಗಂಟಲು, ನಮ್ಮಿಬ್ಬರಿಗಷ್ಟೇ ಕೇಳಿಸುವಷ್ಟು ಸಣ್ಣದಾಯಿತು.

“ತಪ್ಪಾತೋ ಮಾನಪ್ಪ. ಸಿಟ್ಟಿನ್ಯಾಗ ಅಂದೆ. ಇದನ್ನ ಇಲ್ಲಿಗೇ ಬಿಡು. ನಾಳಿಂದ ಎಂದಿನಂಗ ಬಾ.”

ಮಾನಪ್ಪ ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಕೊಂಡಿ ಹಾಕಿದ. ಮೂಲೆಗೆ ಹೋಗಿ ಒಡೆದ ಪೈಪನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

“ಅದನ್ಯಾಕ ಒಯ್ತಿ? ಏ ಮಾನಪ್ಪ, ಅದನ್ನ ಎಲ್ಲಿಗೆ ಒಯ್ಯಾಕತ್ತಿ?”

ಅವನು ಗೇಟು ದಾಟಿ, ಚಹಾದಂಗಡಿಯ ಕಡೆಗೆ ನಡೆದ.